ಹಿಂಡಿ ಡಬ್ಬಿಯ ನಡುಕ

ಸ್ಟೀರಿಯೋ ಅಂದರೆ ಏನೆಂದು ನಾವಿಬ್ಬರೂ ಓದಿ ತಿಳಿದವರು, ಕೇಳಿ ತಿಳಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾವಿಬ್ಬರು ಅಂದರೆ ನಾನು ಮತ್ತು ನನ್ನ ಗೆಳೆಯ. ನಾನು ಸಿಂದಗಿಯಲ್ಲಿ ನಮ್ಮ ಕಾಕಾನ ಮೈಕ್‌ಸೆಟ್ ಅಂಗಡಿಯಲ್ಲಿದ್ದೆ. ಅವನು ಬಸವನ ಬಾಗೇವಾಡಿಯಲ್ಲಿ ಮನೆಯ ಪಡಸಾಲೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದ. ನಮ್ಮ ಹತ್ತಿರ ಇದ್ದದ್ದು ಒಂದು ಇಂಗ್ಲಿಷ್ ರೇಡಿಯೋ ಪತ್ರಿಕೆಯ ನಾಲ್ಕು ಹಾಳೆ. ಸೊಲ್ಲಾಪುರದಿಂದ ವಾಲ್ವು ತರಿಸಿದಾಗ ಅದಕ್ಕೆ ಸುತ್ತಿಕೊಂಡು ಬಂದವು. ನಡುವಿನ ಒಂದು ಹಾಳೆ ಇರಲೇ ಇಲ್ಲ. ಇದ್ದದ್ದರಲ್ಲಿ ಒಂದು ಚಿತ್ರ: ಎರಡು ಮೂಲೆಯಲ್ಲಿ ಎರಡು ಪೆಟ್ಟಿಗೆ, ನಡುವೆ ಕುರ್ಚಿಯ ಮೇಲೆ ಒಬ್ಬ ಮನುಷ್ಯ, ಅವನ ಹಣೆಯ ಎದುರು ಒಂದು ಚುಕ್ಕಿ.

ಗೆಳೆಯ ಆ ಚುಕ್ಕಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಹಾಡು ಎಡಕ್ಕೂ ಇರೂದಿಲ್ಲ, ಬಲಕ್ಕೂ ಇರೂದಿಲ್ಲಲೇ. ಇಲ್ಲಿರ್ತೈತಿ," ಅಂತ ನನ್ನ ಹಣೆಯ ಮೇಲೆ ಬೆರಳಿಟ್ಟ. ಬೆರಳಿಗೆ ಸೋಲ್ಡರ್ ಪೇಸ್ಟ್ ಹತ್ತಿತ್ತು. ಸಂಜೆ ಮನೆಗೆ ಹೋದಾಗ ನಮ್ಮ ಅವ್ವ ಹಣೆಗೆ ಏನು ಬಳಿದುಕೊಂಡು ಬಂದಿದ್ದೀ ಅಂತ ಕೇಳಿದ್ದಳು.

ನಮ್ಮ ಪರಿಚಯವಾದದ್ದು ಇಂಡಿ ಊರಿನ ಒಂದು ಮದುವೆಯಲ್ಲಿ. ಗಂಡಿನವರೂ ಹೆಣ್ಣಿನವರೂ ಒಬ್ಬರಿಗೊಬ್ಬರು ತಿಳಿಸದೆ ಒಂದೊಂದು ಮೈಕ್‌ಸೆಟ್ ಹೇಳಿಬಿಟ್ಟಿದ್ದರು. ಒಂದೇ ಹಂದರ, ನಾಲ್ಕು ಹಾರ್ನ್. ನಾನು ಒಂದು ರೆಕಾರ್ಡ್ ಹಾಕಿದರೆ ಆ ಕಡೆಯವನು ಇನ್ನೊಂದು ಹಾಕುತ್ತಿದ್ದ. ಬೀಗರು ಬಂದು ಇಬ್ಬರಿಗೂ ಬಯ್ದು ಹೋದ ಮೇಲೆ ಅವನು ಎದ್ದು ನನ್ನ ಕಡೆ ಬಂದ. ಜಗಳಕ್ಕೆ ಬಂದ ಅಂದುಕೊಂಡೆ.

"ಒಂದು ಹಾಡು ನೀ, ಒಂದು ಹಾಡು ನಾ. ಆಗಬಹುದಿಲ್ಲೋ?" ಅಂದ. ಆಮೇಲೆ ನನ್ನ ಹಿಂದೆ ಗೋಡೆಗೆ ಒರಗಿಸಿದ್ದ ಗಿಟಾರ್ ನೋಡಿದ. "ಇದನ್ನ ಬಾರಸ್ತೀಯೋ, ಬರೇ ಹೊತಗೊಂಡು ತಿರಗತೀಯೋ?"

"ಕಲಿಯಾಕತ್ತೇನಿ."

"ಯಾರ ಹತ್ರ?"

"ಯಾರ ಹತ್ರಾನೂ ಇಲ್ಲ."

"ಹಂಗಾರ ನಾನೂ ಅಲ್ಲೇ ಕಲತಾಂವ," ಅಂದ.

ಆ ಗಿಟಾರ್‌ನ ಹೊಟ್ಟೆಗೆ ಟೆಲಿಫೋನ್ ರಿಸೀವರ್‌ನ ಅಯಸ್ಕಾಂತ ಅಂಟಿಸಿ, ಅದಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿ, ಆಂಪ್ಲಿಫೈಯರ್‌ಗೆ ಹಾಕುವ ಹಾಗೆ ಮಾಡಿದ್ದು ನಾನು. ಮೂರು ಸಲ ತಂತಿ ಹರಿಯಿತು, ನಾಲ್ಕನೇ ಸಲ ದನಿ ಬಂತು. ಅಲ್ಲಿಂದ ಮುಂದಿನದೆಲ್ಲ ಇಬ್ಬರದೂ. ಒಂದು ಜಾಲಿ ಹಲಗೆ, ಅದರ ಮೇಲೆ ಎರಡು ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಕಾಲಿನಿಂದ ಒತ್ತುವ ಸ್ವಿಚ್. ಗಿಟಾರ್‌ನ ದನಿ ಹಲಗೆಗೆ ಬಂದು ಎರಡು ಪಾಲಾಗಬೇಕು. ಒಂದು ಪಾಲು ನನ್ನ ಪೆಟ್ಟಿಗೆ ಹೊಕ್ಕು ಒಂದು ಆಂಪ್ಲಿಫೈಯರ್‌ಗೆ, ಇನ್ನೊಂದು ಪಾಲು ಅವನ ಪೆಟ್ಟಿಗೆ ಹೊಕ್ಕು ಇನ್ನೊಂದಕ್ಕೆ. ಎರಡು ಕಡೆ ಎರಡು ಬಗೆಯ ದನಿ, ನಡುವೆ ಕುಳಿತವನ ಹಣೆಯಲ್ಲಿ ಒಂದೇ ಹಾಡು. ಇದು ನಮ್ಮ ಲೆಕ್ಕ.

ಕಾಲಿನ ಸ್ವಿಚ್ಚು ಎಲ್ಲಿಯೂ ಸಿಗಲಿಲ್ಲ. ಕಡೆಗೆ ಸಿಂದಗಿಯ ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದ ಲಾರಿಯೊಂದರಲ್ಲಿ ಕಂಡೆ. ಎದುರು ಗಾಡಿ ಬಂದಾಗ ಡ್ರೈವರ್ ಎಡಗಾಲಿನಿಂದ ಒತ್ತಿ ಲೈಟು ಇಳಿಸುತ್ತಾನಲ್ಲ, ಆ ಡಿಪ್ಪರ್ ಸ್ವಿಚ್. ಒಮ್ಮೆ ಒತ್ತಿದರೆ ಒಂದು ಕಡೆ, ಮತ್ತೊಮ್ಮೆ ಒತ್ತಿದರೆ ಇನ್ನೊಂದು ಕಡೆ. ಎರಡು ತೆಗೆದುಕೊಂಡೆ. ಒಂದನ್ನು ಹಳೆಯ ಸುದ್ದಿ ಪತ್ರಿಕೆಯಲ್ಲಿ ಸುತ್ತಿ ಬಾಗೇವಾಡಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಗೆಳೆಯನಿಗೆ ಕಳಿಸಿದೆ. ನಮ್ಮ ಸಾಮಾನೆಲ್ಲ ಆ ಕಂಡಕ್ಟರ್‌ನ ಚೀಲದ ಪಕ್ಕದಲ್ಲೇ ಓಡಾಡುತ್ತಿದ್ದದ್ದು. ಮಾತಾಡುವುದು ಬಹಳ ಇದ್ದಾಗ ಮಾತ್ರ ಇಬ್ಬರೂ ಹೂವಿನ ಹಿಪ್ಪರಗಿಯ ತನಕ ಬಂದು, ಚಹಾದ ಅಂಗಡಿಯಲ್ಲಿ ಕುಳಿತು, ಮುಂದಿನ ಬಸ್ಸಿಗೆ ತಿರುಗಿ ಹೋಗುತ್ತಿದ್ದೆವು.

ನನ್ನ ಪೆಟ್ಟಿಗೆ ಸೋಪಿನ ಡಬ್ಬಿಯಲ್ಲಿತ್ತು. ಅದು ದನಿಯನ್ನು ಒರಟು ಮಾಡುತ್ತಿತ್ತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ, ಯಾರು ಬೇಕಾದರೂ ಮಾಡಬಹುದು. ಅವನದು ಬೇರೆ. ಗಾಜಿನ ಟ್ರಾನ್ಸಿಸ್ಟರ್ ಮೇಲಿನ ಕರಿ ಬಣ್ಣವನ್ನು ಬ್ಲೇಡಿನಿಂದ ಕೆರೆದರೆ ಅದಕ್ಕೆ ಬೆಳಕು ತಿಳಿಯುತ್ತದೆ ಅಂತ ಅವನು ತಾನೇ ಕಂಡುಹಿಡಿದಿದ್ದ. ಒಂದರ ಬಣ್ಣ ಕಿತ್ತು ಹೋಗಿ, ಕಿಟಕಿ ತೆರೆದಾಗಲೆಲ್ಲ ರೇಡಿಯೋ ಗೊರಗುಟ್ಟಿದ್ದೇ ಅವನಿಗೆ ಗುರು. ಅಂಥ ಟ್ರಾನ್ಸಿಸ್ಟರ್ ಒಂದನ್ನು ತಗಡಿನ ಡಬ್ಬಿಯ ಒಂದು ಕಡೆ ಇಟ್ಟ. ಎದುರಿಗೆ ಟಾರ್ಚಿನ ಬಲ್ಬು. ನಡುವೆ ತೂತು ಕೊರೆದ ರಟ್ಟಿನ ಬಿಲ್ಲೆ, ಅದನ್ನು ತಿರುಗಿಸಲು ಆಟಿಕೆ ಕಾರಿನ ಮೋಟಾರು. ಬಿಲ್ಲೆ ತಿರುಗಿದರೆ ಬೆಳಕು ಬಂದು ಹೋಗಿ ಮಾಡುತ್ತದೆ, ಅದರ ಜೊತೆ ಗಿಟಾರ್‌ನ ದನಿಯೂ ನಡುಗುತ್ತದೆ. ಡಬ್ಬಿ ಅವನ ಅವ್ವನದು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಡುವ ಡಬ್ಬಿ. ಬಲ್ಬು ಕಾದರೆ ಒಳಗಿನಿಂದ ಬೆಳ್ಳುಳ್ಳಿ ಖಾರದ ವಾಸನೆ ಬರುತ್ತಿತ್ತು.

"ಎಷ್ಟ ಸಲ ತೊಳದ್ರೂ ಹೋಗವಲ್ದು," ಅಂತ ಹಿಪ್ಪರಗಿಯಲ್ಲಿ ಹೇಳಿದ್ದ. "ಅವ್ವ ದಿನಾ ಕೇಳತಾಳ, ನನ್ನ ಡಬ್ಬಿ ಏನ್ ಮಾಡಿದಿ ಅಂತ. ತಂಗಿ ಮದವ್ಯಾಗ ಕೇಳಸ್ತೇನಿ ಇರು ಅಂದೇನಿ."

ತಂಗಿಗೆ ಮುದ್ದೇಬಿಹಾಳದ ಕಡೆ ಗಂಡು ಗೊತ್ತಾಗಿತ್ತು. ಆ ಮದುವೆಯಲ್ಲಿ ಎರಡು ಆಂಪ್ಲಿಫೈಯರ್ ಇಟ್ಟು ನಮ್ಮ ಹಲಗೆ ನುಡಿಸುವುದು ಅಂತ ಅವನು ಅವ್ವನಿಗೂ ತಂಗಿಗೂ ಮಾತು ಕೊಟ್ಟಿದ್ದ.

ಅವನು ಸತ್ತದ್ದು ಕಾಮಣಿ ಬೇನೆಯಿಂದ, ಕಣ್ಣು ಮೈ ಹಳದಿಯಾಗಿ. ಹನ್ನೊಂದು ದಿನ ಮಲಗಿದ್ದನಂತೆ, ಅಷ್ಟೇ. ಸುದ್ದಿ ತಂದದ್ದು ಅದೇ ಕಂಡಕ್ಟರ್. ನಾನು ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು, "ನಿನ್ನ ಬಾಗೇವಾಡಿ ದೋಸ್ತ ಹೋದ್ನಂತಲ್ಲೋ ತಮ್ಮಾ," ಅಂದ. ತವರ ಆರುವ ತನಕ ಕೈ ಅಲುಗಿಸಬಾರದು, ಅಲುಗಿಸಿದರೆ ಬೆಸುಗೆ ನಿಲ್ಲುವುದಿಲ್ಲ. ನಾನು ಅಲುಗಿಸಲಿಲ್ಲ. ಆರಿದ ಮೇಲೆ ತಂತಿ ಎಳೆದು ನೋಡಿದೆ. ಗಟ್ಟಿಯಾಗಿ ಕೂತಿತ್ತು. ಆಮೇಲೆ ಕಂಡಕ್ಟರ್‌ನಿಗೆ ಚಹಾ ತರಿಸಿದೆ.

ಮನೆಯವರನ್ನು ಮಾತಾಡಿಸಲು ಬಾಗೇವಾಡಿಗೆ ಹೋದೆ. ಪಡಸಾಲೆಯಲ್ಲಿ ಬಿಚ್ಚಿದ ರೇಡಿಯೋಗಳು ಹಾಗೇ ಇದ್ದವು. ಒಬ್ಬೊಬ್ಬರೇ ಬಂದು ತಮ್ಮ ತಮ್ಮದನ್ನು ಗುರುತಿಸಿ ಒಯ್ಯುತ್ತಿದ್ದರು. ನಾನು ಹೊರಡುವಾಗ ಅವನ ಅವ್ವ ಒಂದು ಕೈಚೀಲ ತಂದು ಕೊಟ್ಟಳು. "ಇದು ನಿಂದಂತ," ಅಂದಳು. ಒಳಗೆ ಡಬ್ಬಿ ಮತ್ತು ಅದರ ಸ್ವಿಚ್ಚು ಇದ್ದವು. ಮುಚ್ಚಳ ಇರಲಿಲ್ಲ. ನಾನು ಕೇಳಲಿಲ್ಲ.

ವರ್ಷದೊಳಗೆ ಮನೆಯಲ್ಲಿ ಒಂದು ಶುಭಕಾರ್ಯ ಆಗಲಿ ಅಂತ ಹಿರಿಯರು ಹೇಳಿದ್ದರಿಂದ ತಂಗಿಯ ಮದುವೆ ನಾಲ್ಕೇ ತಿಂಗಳಿಗೆ ನಿಕ್ಕಿಯಾಯಿತು. ಮೈಕ್‌ಸೆಟ್ ಹೇಳಲು ಬಂದವರ ಜೊತೆ ಅವನ ಅವ್ವ ಮಾತು ಕಳಿಸಿದ್ದಳು: ಅವ ಹೇಳಿದ್ದು ಬಾರಿಸಬೇಕು, ನಾ ಕೇಳಬೇಕು. ಅಷ್ಟೇ.

ಕಾಕಾ ನನ್ನ ಮುಖ ನೋಡಿದ. "ಎರಡು ಹಾರ್ನಿನ್ಯಾಗ ಎರಡು ನಮೂನಿ ದನಿ ಬಂದ್ರ ಮಂದಿ ಮಷಿನ್ ಕೆಟ್ಟೈತಿ ಅಂತಾರ. ನನ್ನ ಹೆಸರು ಹಾಳ ಮಾಡಬ್ಯಾಡ."

"ಇಲ್ಲ ಕಾಕಾ."

"ಅರ್ಧಾ ತಾಸು. ಅಕ್ಕಿಕಾಳು ಬಿದ್ದ ಮ್ಯಾಲ, ಮಂದಿ ಉಣ್ಣಾಕ ಕುಂತಾಗ. ಉಣ್ಣೂ ಮಂದಿ ಏನ್ ಬಾರಿಸಿದ್ರೂ ಸುಮ್ಮಿರ್ತೈತಿ."

ಎರಡನೇ ಆಂಪ್ಲಿಫೈಯರ್ ಲಗ್ನದ ದಿನಗಳಲ್ಲಿ ಯಾವಾಗಲೂ ಇನ್ನೊಂದು ಊರಲ್ಲಿರುತ್ತಿದ್ದುದರಿಂದ ಎರಡನ್ನೂ ಕೂಡಿಸಿ ನೋಡಲು ನನಗೆ ಆಗಲಿಲ್ಲ. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದೊಂದೇ ಪೆಟ್ಟಿಗೆ ಪರೀಕ್ಷಿಸಿದೆ. ನನ್ನದು ಒರಟಾಗಿ ಕೂಗಿತು. ಅವನದರ ಬಲ್ಬು ಹೋಗಿತ್ತು, ಬೇರೆ ಹಾಕಿದೆ. ಡಬ್ಬಿಯ ಬಾಯಿಗೆ ಒಂದು ರಟ್ಟು ಕತ್ತರಿಸಿ ಮುಚ್ಚಿದೆ. ಬಿಲ್ಲೆ ತಿರುಗಿತು, ದನಿ ನಡುಗಿತು, ಬೆಳ್ಳುಳ್ಳಿ ವಾಸನೆ ಬಂತು. ಎಲ್ಲ ಸರಿಯಿದೆ ಅಂತ ಬರೆದುಕೊಂಡೆ. ಡಬ್ಬಿಯನ್ನು ಹಲಗೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದೆ. ಬೇರೆ ಏನೂ ಅನ್ನಿಸಲಿಲ್ಲ. ಆ ನಾಲ್ಕು ತಿಂಗಳು ನನಗೆ ಹಸಿವೆ ಆಗುತ್ತಿತ್ತು, ನಿದ್ದೆ ಬರುತ್ತಿತ್ತು, ಯಾರಾದರೂ ನಗೆಯ ಮಾತು ಹೇಳಿದರೆ ನಗುತ್ತಿದ್ದೆ. ಎಲ್ಲ ಕೆಲಸವನ್ನೂ ಕೈಗಳೇ ಮಾಡುತ್ತಿದ್ದವು.

ಮದುವೆಯ ದಿನವೂ ಕೈಗಳೇ ಮಾಡಿದವು. ಬೆಳಿಗ್ಗೆ ಬಾಗೇವಾಡಿ ಮುಟ್ಟಿದ ಕೂಡಲೇ ಮಾಳಿಗೆ ಹತ್ತಿ ಹಾರ್ನ್ ಕಟ್ಟಿದೆ. ಎರಡು ವೈರು ಕೆಳಗೆ ಬಿಟ್ಟೆ. ಬ್ಯಾಟರಿ ಇಟ್ಟೆ. ಹಂದರದ ಒಂದು ಮೂಲೆಯಲ್ಲಿ, ಮನೆಯ ಗೋಡೆಗೆ ಹತ್ತಿಕೊಂಡಂತೆ ಹಗ್ಗದ ಹೊರಸು ಹಾಕಿ ಅದರ ಮುಂದೆ ಹಲಗೆ ಇಟ್ಟೆ. ಗಿಟಾರ್‌ನ ವೈರು ಹಲಗೆಗೆ, ಹಲಗೆಯ ಎಡಗಡೆ ಪಿನ್ನು ಒಂದು ಆಂಪ್ಲಿಫೈಯರ್‌ಗೆ, ಬಲಗಡೆ ಪಿನ್ನು ಇನ್ನೊಂದಕ್ಕೆ. ಮೊದಲ ಸಲ ಎಲ್ಲ ಒಂದಕ್ಕೊಂದು ಕೂಡಿದ್ದು ಅವತ್ತೇ. ಎರಡೂ ಆಂಪ್ಲಿಫೈಯರ್‌ನ ಕೆಂಪು ದೀಪ ಹತ್ತಿದವು. ಗೆಳೆಯ ಇದ್ದಿದ್ದರೆ ಏನಾದರೂ ಅನ್ನುತ್ತಿದ್ದ. ನಾನು ವೈರುಗಳ ಮೇಲೆ ಯಾರೂ ಎಡವದಂತೆ ಮಣ್ಣು ಎಳೆದೆ.

ಅಕ್ಕಿಕಾಳು ಬಿದ್ದವು. ಮೊದಲ ಪಂಕ್ತಿ ಕುಳಿತಿತು. ಗೋಧಿ ಹುಗ್ಗಿಯ ಬಕೆಟ್‌ಗಳು ಓಡಾಡತೊಡಗಿದವು. ಕಾಕಾ ರೆಕಾರ್ಡ್ ನಿಲ್ಲಿಸಿ, "ಹೂಂ, ಪಂಡಿತ. ಶುರು ಮಾಡು," ಅಂದ.

ಚಪ್ಪಲಿ ಬಿಚ್ಚಿಟ್ಟೆ. ಎಡಗಾಲಿನಿಂದ ಅವನ ಸ್ವಿಚ್ ಒತ್ತಿದೆ, ಬಲಗಾಲಿನಿಂದ ನನ್ನದು. ಕಲಿತದ್ದು ನಾಲ್ಕೇ ಹಾಡು, ಅದರಲ್ಲಿ ಮೊದಲನೆಯದನ್ನು ಹಿಡಿದೆ. ಹಾರ್ನುಗಳು ತಲೆಯ ಮೇಲೆ ಮಾಳಿಗೆಯಲ್ಲಿದ್ದುದರಿಂದ ನನಗೆ ಏನೂ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನ ಪಂಕ್ತಿಯಲ್ಲಿ ಕುಳಿತ ಮುದ್ದೇಬಿಹಾಳದ ಬೀಗರಲ್ಲಿ ಒಬ್ಬ ಹಿರಿಯ, ಹಳದಿ ರುಮಾಲಿನವನು, ತುತ್ತು ಕೈಯಲ್ಲಿ ಹಿಡಿದೇ ಮಾಳಿಗೆಯ ಕಡೆ ನೋಡಿದ.

"ತಮ್ಮಾ, ಬ್ಯಾಟರಿ ಸೋತೈತೇನು? ದನಿ ಒಮ್ಮಿ ಬರತೈತಿ, ಒಮ್ಮಿ ಹೋಗತೈತಿ."

"ಇಲ್ರೀ, ಅದು ಹಂಗ ಇರೂದು."

"ಹಂಗ ಇರೂದಂದ್ರ? ನಾವು ಹಿಂಗ ಆದ್ರ ಬ್ಯಾಟರಿ ಬದಲ ಮಾಡತೇವಪ್ಪಾ."

ಪಂಕ್ತಿ ನಕ್ಕಿತು. ಕಾಕಾ ನಗಲಿಲ್ಲ. ನಾನು ಎರಡನೇ ಹಾಡಿಗೆ ಹೋದೆ. ಅದು ಅರ್ಧ ಆಗಿರಬೇಕು, ಗೆಳೆಯನ ಅವ್ವ ಮನೆಯ ಬಾಗಿಲಲ್ಲಿ ಬಂದು ನಿಂತಳು. ಬೀಗರಿರುವ ಕಡೆ ಬರುವುದೋ ಬೇಡವೋ ಅನ್ನುವ ಹಾಗೆ ಸೆರಗು ಹೊದ್ದು, ಚೌಕಟ್ಟು ಹಿಡಿದು, ನನ್ನನ್ನು ಕೈಮಾಡಿ ಕರೆದಳು. ಗಿಟಾರ್ ಹೊರಸಿನ ಮೇಲಿಟ್ಟು ಹೋದೆ.

"ಅವಂದು ಯಾವಾಗ ಬಾರಸ್ತೀಪಾ?" ಅಂದಳು.

"ಅವಂದ ಬಾರಸಾಕತ್ತೇನಿ ಅವ್ವಾ."

"ಇದಲ್ಲಪಾ. ಇದು ಬರೇ ಕರಕರ ಅಂತೈತಿ, ಹಂಚು ತಿಕ್ಕಿದಂಗ. ಅವ ಬ್ಯಾನಿ ಬೀಳೂಕಿಂತ ಮೊದಲ ಒಮ್ಮಿ ನನ್ನ ಕಿವಿಗಿ ರಿಸೀವರ ಹಚ್ಚಿ ಕೇಳಿಸಿದ್ದ. ಅದು ನಡಗತಿತ್ತು."

"ನಡಗಾಕತ್ತೈತಿ ಅವ್ವಾ."

"ನಾ ಹಿತ್ತಲದಾಗ ಹೆಣ್ಣಮಕ್ಕಳ ಸಂಗಾಟ ಕುಂತೇನಿ. ಎಲ್ಲಾರನೂ ಸುಮ್ಮ ಇರಿಸಿ ಕುಂತೇನಿ. ನಡಗವಲ್ದು."

ಆಗ ನಾನು ಮಾಳಿಗೆಯ ಕಡೆ ನೋಡಿದೆ. ಒಂದು ಹಾರ್ನ್‌ನ ಬಾಯಿ ಹಂದರದ ಕಡೆಗಿತ್ತು. ಇನ್ನೊಂದು ಕಾಣಲೇ ಇಲ್ಲ, ಅದರ ಬೆನ್ನು ಮಾತ್ರ ಕಂಡಿತು. ಬಾಯಿ ಹಿತ್ತಲ ಕಡೆ. ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ಎಲ್ಲ ಮದುವೆಯಲ್ಲೂ ನಾವು ಹಾಗೇ ಕಟ್ಟುವುದು. ಎರಡೂ ಒಂದೇ ಕಡೆ ಮುಖ ಮಾಡಿದರೆ ಹಿತ್ತಲಿನವರು ನಮಗೆ ಹಾಡಿಲ್ಲವೇ ಅಂತ ಬಯ್ಯುತ್ತಾರೆ. ಮೂರು ವರ್ಷ ಹಾಗೇ ಕಟ್ಟಿದ ಕೈ ಅವತ್ತು ಬೆಳಿಗ್ಗೆಯೂ ಹಾಗೇ ಕಟ್ಟಿತ್ತು. ನಡುವೆ ಇಡೀ ಮನೆ, ಮಣ್ಣಿನ ಗೋಡೆ, ಎರಡು ಮೊಳ ದಪ್ಪ. ಗೆಳೆಯನ ನಡುಕವೆಲ್ಲ ಮುದ್ದೇಬಿಹಾಳದ ಬೀಗರಿಗೆ ಹೋಗುತ್ತಿತ್ತು. ಅವನ ಅವ್ವನಿಗೆ ಹೋಗುತ್ತಿದ್ದದ್ದು ನನ್ನ ಸೋಪಿನ ಡಬ್ಬಿ. ಚಿತ್ರದ ನಡುವಿನ ಕುರ್ಚಿ ಎಲ್ಲಿಯೂ ಇರಲಿಲ್ಲ. ಇದ್ದರೆ ಅದು ಒಳಗೆ ಅಡುಗೆಮನೆಯ ಗೋಡೆಯಲ್ಲಿ ಇರಬೇಕಿತ್ತು.

"ನೀ ಹೋಗಿ ಕುಂದರು ಅವ್ವಾ. ಈಗ ಬರತೈತಿ," ಅಂದೆ.

ಹಾರ್ನ್ ತಿರುಗಿಸಲು ನಿಚ್ಚಣಿಕೆ ಬೇಕಿತ್ತು. ನಿಚ್ಚಣಿಕೆಯನ್ನು ಅಡ್ಡ ಮಲಗಿಸಿ, ಮೇಲೆ ಬೇರೆ ಹಲಗೆ ಹಾಸಿ ಅನ್ನದ ಬುಟ್ಟಿಗಳನ್ನು ಇಟ್ಟಿದ್ದರು. ಆಂಪ್ಲಿಫೈಯರ್‌ನ ಎರಡು ಪಿನ್ನು ಕಿತ್ತು, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿದೆ. ಇಷ್ಟೇ ಕೆಲಸ. ಸ್ಟೀರಿಯೋದ ಮಾತು ಆಗ ಪೂರ್ತಿ ಬಿಟ್ಟುಹೋಯಿತು ಅಂತ ಗೊತ್ತಿತ್ತು. ಅದರ ಬಗ್ಗೆಯೂ ಏನೂ ಅನ್ನಿಸಲಿಲ್ಲ. ಮೊದಲ ಹಾಡನ್ನೇ ಮತ್ತೆ ಹಿಡಿದೆ.

"ಬ್ಯಾಟರಿ ಸುಧಾರಿಸಿತು ನೋಡ್ರಿ," ಅಂದ ಹಳದಿ ರುಮಾಲಿನವನು. "ಆದರ ಈಗ ಹಾರ್ನ ಹರೀತು."

"ಲೇ ಪಂಡಿತ," ಅಂತ ಕಾಕಾ ಹಲ್ಲು ಕಚ್ಚಿ ಅಂದ. "ಇನ್ನ ಒಂದ ಹಾಡು. ಸಾಕು."

ಹಾಡು ಮುಗಿಯುವ ಮೊದಲೇ ಅವಳು ಮತ್ತೆ ಬಂದಳು. ಈ ಸಲ ಚೌಕಟ್ಟಿನಲ್ಲಿ ನಿಲ್ಲಲಿಲ್ಲ. ಪಂಕ್ತಿಯ ಹಿಂದಿನಿಂದ, ಬಡಿಸುವವರ ನಡುವೆ ದಾರಿ ಮಾಡಿಕೊಂಡು ನೇರ ಹಲಗೆಯ ಹತ್ತಿರ ಬಂದಳು. ಕೈಯಲ್ಲಿ ಒಂದು ತಗಡಿನ ಮುಚ್ಚಳ ಇತ್ತು.

"ಸ್ವಲ್ಪ ನಡಗತೈತಿ," ಅಂದಳು. "ಆದ್ರ ಹಂಗಲ್ಲ. ಅವ ಮುಚ್ಚಳಾ ಹಾಕಿ ಕೇಳಿಸಿದ್ದ."

ಡಬ್ಬಿಯನ್ನು ನೋಡಿದೆ. ಹಂದರದ ತೆಳು ಬಟ್ಟೆಯ ಮೂಲಕ ಬಿಸಿಲು ಇಳಿಯುತ್ತಿತ್ತು. ನಾನು ಹಾಕಿದ್ದ ರಟ್ಟು ಸೆಕೆಗೆ ಮೇಲೆದ್ದು ಬಿಲ್ಲಿನ ಹಾಗೆ ಬಾಗಿತ್ತು. ಸಂದಿನಿಂದ ಬೆಳಕು ಒಳಗೆ ಬಿದ್ದಿತ್ತು. ಆ ಬೆಳಕಿನ ಮುಂದೆ ಟಾರ್ಚಿನ ಬಲ್ಬು ಏನು ಮಾಡೀತು. ಕತ್ತಲೆ ಕೋಣೆಯಲ್ಲಿ ನೋಡಿ ಎಲ್ಲ ಸರಿಯಿದೆ ಅಂತ ಬರೆದುಕೊಂಡವನು ನಾನು. ಬೆಳಕು ತಿಳಿಯುವ ಟ್ರಾನ್ಸಿಸ್ಟರ್‌ಗೆ ಮುಚ್ಚಳ ಬೇಕು ಅನ್ನುವುದನ್ನು ಹಿಂಡಿ ಡಬ್ಬಿಯ ಒಡತಿ ಬಂದು ಹೇಳಬೇಕಾಯಿತು.

"ಇದು ನಿನ್ನ ಹತ್ರ ಇತ್ತೇನವ್ವಾ?"

"ಹೊಸಾ ಡಬ್ಬಿ ತಂದ್ನಿ, ಅದರ ಮುಚ್ಚಳಾ ಸಡ್ಲ ಆತು. ಇದು ಅದಕ ಸರಿ ಕುಂತು. ಹಾಕಿ ಬಿಟ್ಟಿದ್ನಿ." ಮುಚ್ಚಳದ ಒಳಗೆ ಕೆಂಪು ಹಿಂಡಿ ಅಂಟಿತ್ತು. ಸೆರಗಿನಿಂದ ಒರೆಸಿದಳು, ಅಂಚಿನಲ್ಲಿ ಉಗುರು ಹಾಕಿ ತೆಗೆದಳು. ನಾನು ರಟ್ಟು ಕಿತ್ತು ಮುಚ್ಚಳ ಒತ್ತಲು ಹೋದೆ. ಕೂಡಲಿಲ್ಲ.

"ಹಂಗಲ್ಲ. ಈ ಕಡೆ ಮೊದಲ ಒತ್ತು. ಅಲ್ಲಿ ನೆಗ್ಗೈತಿ." ಅವಳೇ ಬಗ್ಗಿ, ಒಂದು ಕಡೆ ಹೆಬ್ಬೆರಳು ಇಟ್ಟು, ಇನ್ನೊಂದು ಕಡೆ ಅಂಗೈಯಿಂದ ಒತ್ತಿದಳು. ಟಕ್ ಅಂತ ಕೂತಿತು. ಅದರ ಮುಂದಿನ ಸ್ವಿಚ್ಚನ್ನು ಒಂದು ಕ್ಷಣ ನೋಡಿದಳು. ಅಲ್ಲಿ ನನ್ನ ಕಾಲಿನ ಧೂಳು ಇತ್ತು.

"ನಾ ಹೋಗಿ ಕುಂದ್ರೂ ಮಟಾ ತಡಿ," ಅಂದು ಹೋದಳು.

ತಡೆದೆ. ಹಿತ್ತಲು ಮುಟ್ಟಲು ಎಷ್ಟು ಹೆಜ್ಜೆ ಅಂತ ಮನಸ್ಸಿನಲ್ಲೇ ಎಣಿಸಿದೆ. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲ ಬಾಗಿಲು. ಕಾಕಾ ರೆಕಾರ್ಡ್ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಆಮೇಲೆ ನನ್ನ ಸ್ವಿಚ್ ಒತ್ತಿ ನನ್ನ ಪೆಟ್ಟಿಗೆ ಬಂದ್ ಮಾಡಿದೆ. ಅವನದೊಂದೇ ಇಟ್ಟು ಆ ಹಾಡನ್ನು ಮೂರನೇ ಸಲ ಬಾರಿಸಿದೆ.

ಮನೆಯ ಮೇಲಿಂದ, ಹಿಂದಿನಿಂದ, ದನಿ ನಡುಗುತ್ತ ಬಂತು. ಸ್ವಲ್ಪವೇ ಕೇಳಿತು ನನಗೆ, ಆದರೆ ಈಗ ಅದು ಪೂರ್ತಿ ನಡುಗುತ್ತಿತ್ತು. ಒಂದೊಂದು ಸ್ವರವೂ ಇದ್ದು, ಇಲ್ಲದೆ, ಮತ್ತೆ ಇದ್ದು. ಮುಚ್ಚಳದ ಅಂಚಿನಿಂದ ಬೆಳ್ಳುಳ್ಳಿ ವಾಸನೆ ಬಂತು. ಹಿತ್ತಲಲ್ಲಿ ಅವಳು ಹೇಗೆ ಕೂತಿದ್ದಳು, ಏನು ಮಾಡಿದಳು, ನಾನು ನೋಡಲಿಲ್ಲ. ನಡುವೆ ಗೋಡೆ ಇತ್ತು. ಎದುರಿನ ಪಂಕ್ತಿಯವರು ಎರಡನೇ ಸಲ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದರು. ನಾನು ತಪ್ಪದೆ ಬಾರಿಸಿದೆ. ಅಷ್ಟು ತಪ್ಪಿಲ್ಲದೆ ಅದಕ್ಕೂ ಮೊದಲು ಬಾರಿಸಿರಲಿಲ್ಲ. ಕೈಗಳಿಗೆ ಏನೂ ಆಗಿರಲಿಲ್ಲ.

ಮುಗಿದ ಮೇಲೆ ಕಾಕಾ ರೆಕಾರ್ಡ್ ಹಾಕಿದ. "ಆತಿಲ್ಲೋ?" ಅಂದ.

"ಆತು ಕಾಕಾ."

"ಉಣ್ಣ ಹೋಗು."

ಊಟಕ್ಕೆ ಕುಳಿತಾಗ ನನಗೆ ಬಡಿಸಲು ಅವಳೇ ಬಂದಳು. ರೊಟ್ಟಿಯ ಪಕ್ಕದಲ್ಲಿ ಹಿಂಡಿ ಹಾಕಿ, ನಡುವೆ ಬೆರಳಿನಿಂದ ಗುಳಿ ಮಾಡಿ, ಎಣ್ಣೆ ಬಿಟ್ಟಳು.

"ಕೇಳ್ತೇನವ್ವಾ?" ಅಂದೆ.

"ಕೇಳ್ತು," ಅಂದಳು. ಎಣ್ಣೆಯ ಪಾತ್ರೆಯ ಅಂಚು ಬೆರಳಿನಿಂದ ಒರೆಸಿದಳು. "ಹಂಗ ಇತ್ತು. ಅವ ಕೇಳಿಸಿದಂಗ."

"ಮುಚ್ಚಳಾ ತಗದು ಕೊಡ್ಲೇನು? ಹೊಸಾ ಡಬ್ಬಿ ತೆರದ ಉಳೀತಲ್ಲ."

"ಅದಕ ತಾಟು ಮುಚ್ಚೇನಿ," ಅಂದಳು. "ಉಣ್ಣು. ಎರಡ ರೊಟ್ಟಿ ಹಾಕಲಿ?"

ಎರಡು ಹಾಕಿಸಿಕೊಂಡೆ. ಉಂಡು, ಕೈ ತೊಳೆದು, ಹಾರ್ನ್ ಬಿಚ್ಚಲು ನಿಚ್ಚಣಿಕೆ ಖಾಲಿಯಾಗುವುದನ್ನು ಕಾಯುತ್ತ ಹೊರಸಿನ ಮೇಲೆ ಕುಳಿತೆ.